ಶೆಲ್ಟರ್‌ನಿಂದ ನಾಯಿ ತರಬೇಕಾ? ಮೊದಲು ಓನರ್ ಹತ್ತಿರ ಮಾತಾಡಿ

ಬೆಂಗಳೂರಿನ ಶೆಲ್ಟರ್‌ಗಳಲ್ಲಿ ನಾಯಿಗಳಿಗೆ ಜಾಗ ಸಾಲುತ್ತಿಲ್ಲ. ಆದರೆ ಒಂದು ನಾಯಿ ಕೊಡಿ ಅಂತ ಕೇಳಿ ನೋಡಿ! ಫಾರ್ಮ್ ತುಂಬಬೇಕು, ಆಧಾರ್ ಪ್ರತಿ ಕೊಡಬೇಕು, ಫೋನ್‌ನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ. ಆಮೇಲೆ ಮನೆ ನೋಡಲು ಬರುತ್ತಾರೆ. ವಿಜಯನಗರದಲ್ಲಿ ಈ ಬಾಡಿಗೆ ಮನೆ ಹಿಡಿಯುವಾಗಲೂ ನಮ್ಮನ್ನು ಯಾರೂ ಇಷ್ಟು ಕೇಳಿರಲಿಲ್ಲ. ಕೊನೆಗೆ ಬಂದದ್ದು ಒಂದು ಸಾಲಿನ ವಾಟ್ಸಾಪ್: 'ನಿಮ್ಮ ಮನೆ ಹೊಂದುವುದಿಲ್ಲ.' ಯಾಕೆ ಅಂತ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಆಮೇಲೆ ಬೇರೆ ಶೆಲ್ಟರ್‌ನಿಂದ ನಮ್ಮ ಕಪ್ಪಿ ಬಂದಳು. ಈಗ ನಮ್ಮ ರಸ್ತೆಯಲ್ಲಿ ಯಾರಿಗೆ ನಾಯಿ ಬೇಕಾದರೂ ನಮ್ಮ ಮನೆ ಬೆಲ್ ಒತ್ತುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಪ್ರಶ್ನೆಗಳ ಹಿಂದೆಲ್ಲ ಇರುವುದು ಒಂದೇ ಭಯ, ಈ ನಾಯಿ ವಾಪಸ್ ಬಂದರೆ ಏನು ಗತಿ ಅಂತ. ಮರಿಯನ್ನು ಮುದ್ದು ಮಾಡಿ, ಅದು ಚಪ್ಪಲಿ ಕಚ್ಚಲು ಶುರು ಮಾಡಿದ ಮೇಲೆ ತಂದುಬಿಟ್ಟವರನ್ನು ಶೆಲ್ಟರ್‌ನವರು ನೋಡಿದ್ದಾರೆ. ಟ್ರಾನ್ಸ್‌ಫರ್ ಆಯ್ತು, ಮಗು ಹುಟ್ಟಿತು ಅಂತ ಬಿಟ್ಟವರನ್ನೂ ನೋಡಿದ್ದಾರೆ. ನಿಮ್ಮ ಉತ್ತರಗಳು ಆ ಭಯ ಹೋಗಲಾಡಿಸುವ ಹಾಗಿರಬೇಕು.

ಬಾಡಿಗೆ ಮನೆಯವರಿಗೆ ಮೊದಲ ಕೆಲಸ ಓನರ್ ಒಪ್ಪಿಗೆ. 'ಸಾಕ್ಕೊಳ್ಳಿ ಬಿಡಿ' ಅನ್ನೋ ಬಾಯಿ ಮಾತು ಸಾಲದು. ಒಂದು ಹಾಳೆಯಲ್ಲಿ ಎರಡು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿ ಬೇಡ ಅನ್ನುವಂತಿಲ್ಲ, ಲಿಫ್ಟ್‌ಗೆ ಬಿಡಲ್ಲ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಸಂಘದವರು ಗಲಾಟೆ ಮಾಡಿದರೆ ಅದನ್ನು ತೋರಿಸಬಹುದು. ಆದರೆ ಓನರ್ ವಿಷಯ ಬೇರೆ. ಜಗಳದಲ್ಲಿ ನೀವು ಗೆದ್ದರೂ 11 ತಿಂಗಳ ಅಗ್ರಿಮೆಂಟ್ ಮುಗಿದ ದಿನ ಮನೆ ಖಾಲಿ ಮಾಡಿ ಅಂದರೆ ಏನು ಮಾಡುತ್ತೀರಿ? ಅದಕ್ಕೇ ಅಗ್ರಿಮೆಂಟ್ ಮುಂದುವರಿಸುವಾಗ ನಾಯಿಯ ವಿಷಯವನ್ನೂ ಅದರಲ್ಲಿ ಸೇರಿಸಿಬಿಡಿ.

ಫಾರ್ಮ್‌ನಲ್ಲಿ ಜಾಸ್ತಿ ಜನ ಎಡವುವುದು 'ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ' ಅನ್ನುವ ಪ್ರಶ್ನೆಗೆ. 'ಯಾರಾದರೂ ನೋಡಿಕೊಳ್ಳುತ್ತಾರೆ' ಅಂತ ಬರೆದರೆ ಅಲ್ಲಿಗೆ ಮುಗಿಯಿತು. ನಾನು ಮೂರನೇ ಕ್ರಾಸ್‌ನಲ್ಲಿರುವ ತಂಗಿಯ ಹೆಸರು, ನಂಬರ್ ಕೊಟ್ಟಿದ್ದೆ. ಅವಳನ್ನು ಕೇಳಿಯೇ ಕೊಟ್ಟಿದ್ದೆ, ಯಾಕೆಂದರೆ ಅವರು ನಿಜವಾಗಿಯೂ ಫೋನ್ ಮಾಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ನಾಯಿ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ಮಧ್ಯಾಹ್ನ ಯಾರು ಬಂದು ನೋಡುತ್ತಾರೆ ಅಂತ ಮುಚ್ಚುಮರೆ ಇಲ್ಲದೆ ಬರೆಯಿರಿ. ನಾಯಿ ಯಾಕೆ ಬೇಕು ಅನ್ನುವ ಪ್ರಶ್ನೆಗೆ 'ಮನೆ ಕಾಯಲು' ಅಂತ ಮಾತ್ರ ಬರೆಯಬೇಡಿ. ಕಟ್ಟಿಹಾಕುತ್ತಾರೆ ಅಂತಲೇ ಅವರು ಅರ್ಥ ಮಾಡಿಕೊಳ್ಳುವುದು.

ಊಟದ ಪ್ರಶ್ನೆಯೂ ಬರುತ್ತದೆ. ಸಸ್ಯಾಹಾರಿ ಮನೆ ಅಂದ ಕೂಡಲೇ ಅವರಿಗೆ ಅನುಮಾನ, ಬರೀ ಮೊಸರನ್ನ ಹಾಕಿ ಸಾಕುತ್ತಾರೇನೋ ಅಂತ. ನಮ್ಮ ಅತ್ತೆ ಮೊಟ್ಟೆಯನ್ನೂ ಹೊಸ್ತಿಲು ದಾಟಿಸುವವರಲ್ಲ. ಅದನ್ನು ಹಾಗೆಯೇ ಹೇಳಿ, ಅಂಗಡಿಯ ಒಣ ಆಹಾರ ಹಾಕುತ್ತೇವೆ ಅಂದೆವು, ಒಪ್ಪಿದರು. ಆ ಪ್ಯಾಕೆಟ್ ಮೇಲೆ ದೊಡ್ಡದಾಗಿ ಕೋಳಿ ಚಿತ್ರ ಇದೆ. ಅತ್ತೆ ಅದನ್ನು ಸ್ಟೀಲ್ ಡಬ್ಬಿಗೆ ಸುರಿಸಿ, ಪ್ಯಾಕೆಟ್ಟನ್ನು ಆಚೆ ಹಾಕಿಸುತ್ತಾರೆ. ನಾನು ಏನೂ ಕೇಳಲು ಹೋಗಿಲ್ಲ.

ಮನೆ ನೋಡಲು ಬರುವ ದಿನ ಎಲ್ಲರೂ ಮನೆಯಲ್ಲಿರಿ, ಮುಖ್ಯವಾಗಿ ನಾಯಿ ಬೇಡ ಅನ್ನುವವರು. ಬಾಲ್ಕನಿ ಗ್ರಿಲ್‌ನ ಸಂದು ದೊಡ್ಡದಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಚಿಕನ್ ಮೆಶ್ (ತಂತಿ ಬಲೆ) ತಂದು ಮೊದಲೇ ಕಟ್ಟಿಬಿಡಿ. 'ಆಮೇಲೆ ಹಾಕಿಸುತ್ತೇವೆ' ಅನ್ನುವುದನ್ನು ಅವರು ಕೇಳಿ ಕೇಳಿ ಸಾಕಾಗಿದ್ದಾರೆ.

ಮೊದಲ ಫೋನ್‌ನಲ್ಲೇ 'ಲ್ಯಾಬ್ರಡಾರ್ ಇದೆಯಾ, ಮರಿ ಇದೆಯಾ' ಅಂತ ಕೇಳಬೇಡಿ. ಎಲ್ಲರೂ ಕೇಳುವುದು ಅದನ್ನೇ. ಮರಿಗೆ ಆರೆಂಟು ವಾರದಿಂದ ಸುಮಾರು 16 ವಾರದವರೆಗೆ ಮತ್ತೆ ಮತ್ತೆ ಲಸಿಕೆ ಹಾಕಿಸಬೇಕು. ಅಷ್ಟರೊಳಗೆ ಪಾರ್ವೊ ಅನ್ನುವ ವಾಂತಿ ಭೇದಿಯ ವೈರಸ್ ಕಾಯಿಲೆ ಬಂದರೆ ಉಳಿಯುವುದು ಕಷ್ಟ. ದೊಡ್ಡ ನಾಯಿಯಾದರೆ ಎಷ್ಟೆತ್ತರ ಬೆಳೆಯುತ್ತದೆ, ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವುದು ಆಗಲೇ ಗೊತ್ತಿರುತ್ತದೆ. ಸಾಮಾನ್ಯವಾಗಿ ಸಂತಾನಹರಣ ಆಪರೇಷನ್ ಕೂಡ ಆಗಿರುತ್ತದೆ. ಕಪ್ಪು ಬಣ್ಣದವು, ಕುಂಟುವವು, ವಯಸ್ಸಾದವು ಅಲ್ಲೇ ಉಳಿದುಬಿಡುತ್ತವೆ. ಅವನ್ನು ಕೇಳಿ ನೋಡಿ, ಆ ಕಡೆಯ ದನಿಯೇ ಬದಲಾಗುತ್ತದೆ.

ಉತ್ತರವೇ ಬರದಿದ್ದರೆ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಾ ಕೂರಬೇಡಿ. ಫೋನ್ ಹಿಡಿಯುವವರೇ ಗಾಯಕ್ಕೆ ಔಷಧಿಯನ್ನೂ ಹಚ್ಚುತ್ತಿರುತ್ತಾರೆ. ಭೇಟಿಯ ಸಮಯ ತಿಳಿದುಕೊಂಡು ನೇರವಾಗಿ ಹೋಗಿ. ಭಾನುವಾರ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗಲು ಜನ ಬೇಕಾ ಅಂತ ಕೇಳಿ. ಮುಖ ಪರಿಚಯ ಆದರೆ ಅರ್ಧ ಕೆಲಸ ಆದ ಹಾಗೆ.

ಹಾಗಂತ ಅವರದ್ದೆಲ್ಲ ಸರಿ ಅಂತಲ್ಲ. ಮದುವೆಯಾಗದವರಿಗೆ ಕೊಡಲ್ಲ ಅನ್ನುವವರಿದ್ದಾರೆ. ಸ್ಯಾಲರಿ ಸ್ಲಿಪ್ ಕೇಳುವವರೂ ಇದ್ದಾರೆ. ಇದು ಅತಿ ಆಯ್ತು ಅಲ್ವಾ? ವಾದ ಮಾಡಿ ಪ್ರಯೋಜನವಿಲ್ಲ, ಬೇರೆ ಕಡೆ ನೋಡಿ. ನಿಮ್ಮ ಗೇಟಿನ ಮುಂದೆಯೇ ಮಲಗುವ ನಾಯಿಯೂ ಆಗಬಹುದು. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಗುರುತು. ಅದಕ್ಕೆ ದಿನಾ ಊಟ ಹಾಕುವವರನ್ನು ವಿಚಾರಿಸಿ, ಡಾಕ್ಟರಿಗೆ ತೋರಿಸಿ. ಆದರೆ ನಾಯಿಯನ್ನು ಕಣ್ಣಿಂದ ನೋಡುವ ಮೊದಲೇ ಸಾಗಾಟದ ಖರ್ಚು ಅಂತ ಯುಪಿಐನಲ್ಲಿ ಅಡ್ವಾನ್ಸ್ ಕೇಳಿದರೆ ಕೊಡಬೇಡಿ. ಅದು ಮೋಸ.

ನಾಯಿ ಕೈಗೆ ಬರುವ ದಿನ ಲಸಿಕೆ ಕಾರ್ಡ್ ಕೇಳಿ ಪಡೆಯಿರಿ, ರೇಬೀಸ್ ಲಸಿಕೆಯ ದಿನಾಂಕ ನೋಡಿ. ಮೊದಲ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಿ, ನಮ್ಮಲ್ಲಿ ಉಣ್ಣಿ ಹುಳ ಕಚ್ಚಿ ಬರುವ ಜ್ವರ ಜಾಸ್ತಿ. ಸಾಕಲು ಆಗದಿದ್ದರೆ ನಾಯಿಯನ್ನು ಶೆಲ್ಟರ್‌ಗೇ ಒಪ್ಪಿಸಬೇಕು, ಬೇರೆಯವರಿಗೆ ದಾಟಿಸಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದಿಯೇ ಸಹಿ ಮಾಡಿ. ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಕರೆತರಬೇಡಿ. ಹೊಸ ಜಾಗ, ಅದರ ಮೇಲೆ ಪಟಾಕಿ, ಗೇಟು ತೆರೆದರೆ ಓಡಿಬಿಡುತ್ತದೆ.

ಆಮೇಲೆ ಫೋಟೋ ಕಳಿಸಿ ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ಸುಮ್ನೆ ಕಿರಿಕಿರಿ ಅಂದುಕೊಳ್ಳದೆ, ಅವರು ಕೇಳುವ ಮೊದಲೇ ಕಳಿಸಿಬಿಡಿ. ಕಪ್ಪಿಯ ಫೋಟೋ ಹಾಗೆ ಹೋಗುತ್ತಿದ್ದದ್ದರಿಂದಲೇ ಪಕ್ಕದ ಮನೆಯ ಹುಡುಗ, ಬ್ಯಾಚುಲರ್ ಆದರೂ, ಅದೇ ಶೆಲ್ಟರ್‌ನಿಂದ ಒಂದು ನಾಯಿ ತಂದ.