ಬರ್ಲಿನ್‌ನಲ್ಲಿ ಒಂದು ಕಸದ ಡಬ್ಬಿ ನೋಡುತ್ತಾ ಕೂತಿದ್ದು

ನಗರ ಜೀವನದ ಬಗ್ಗೆ ಒಂದು ಸೆಮಿಸ್ಟರ್ ಓದೋಕೆ ಬರ್ಲಿನ್‌ಗೆ ಹೋಗಿದ್ದೆ. ಮೊದಲ ಎರಡು ವಾರ ಕ್ಯಾಮೆರಾ ಹಿಡಿದು ಊರೆಲ್ಲ ಸುತ್ತಿದೆ. ಫೋಟೋ ರಾಶಿ ಬಿತ್ತು, ಬರೆಯೋಕೆ ಕೂತರೆ ಒಂದು ಪುಟವೂ ಬರಲಿಲ್ಲ. ಪಾಠ ಮಾಡುತ್ತಿದ್ದ ಮೇಡಂ ಹೇಳಿದ್ದು ಇಷ್ಟೇ: ಒಂದೇ ಜಾಗ ಹಿಡಿ, ಬೇರೆ ಬೇರೆ ಹೊತ್ತಲ್ಲಿ ಹೋಗಿ ಕೂತು ನೋಡು.

ನಾನು ಹಿಡಿದಿದ್ದು ಟೆಂಪೆಲ್‌ಹೋಫರ್ ಫೆಲ್ಡ್. ಹಳೆಯ ವಿಮಾನ ನಿಲ್ದಾಣ. 2008ರಲ್ಲಿ ವಿಮಾನ ನಿಂತವು, 2010ರಲ್ಲಿ ಜನರಿಗೆ ಗೇಟು ತೆರೆದರು. ಅಂಚಿನಲ್ಲಿ ಮನೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ 2014ರಲ್ಲಿ ಊರಿನವರು ಓಟು ಹಾಕಿ ಬೇಡ ಅಂದರು. ಊರ ನಡುವೆ 300 ಹೆಕ್ಟೇರಿಗೂ ಜಾಸ್ತಿ ಬಯಲು, ಅದೂ ಜನ ಓಟು ಹಾಕಿ ಉಳಿಸಿಕೊಂಡಿದ್ದು. ಈಗ ರನ್‌ವೇ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ.

ಪಕ್ಕದ ನಾಯ್‌ಕೋಲ್ನ್ ಬಡಾವಣೆ ಕಡೆಯ ಗೇಟಿನ ಹತ್ತಿರ ಕೂರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಯಾರು ಬಂದರು, ಎಲ್ಲಿ ಕೂತರು, ಎಷ್ಟು ಹೊತ್ತು. ಮೂರನೇ ಸಂಜೆ ಗಮನಿಸಿದೆ, ಬಿಯರ್ ಕುಡಿದವರು ಖಾಲಿ ಬಾಟಲಿಯನ್ನು ಕಸದ ಡಬ್ಬಿಗೆ ಹಾಕದೆ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಹೋಗುತ್ತಿದ್ದರು. 'ಕಸ ಹೊರಗೇ ಬಿಡುತ್ತಾರೆ' ಅಂತ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಒಬ್ಬರು ಅಜ್ಜ ಗಾಲಿ ಇರೋ ಚೀಲ ಎಳೆದುಕೊಂಡು ಬಂದರು, ಡಬ್ಬಿಯೊಳಗೆ ಇಣುಕಲೂ ಇಲ್ಲ, ಬಾಟಲಿಗಳನ್ನು ಒಂದೊಂದಾಗಿ ಸದ್ದಾಗದಂತೆ ಚೀಲಕ್ಕೆ ಇಳಿಸಿಕೊಂಡು ಮುಂದಕ್ಕೆ ಹೋದರು. ಅಂಗಡಿಗೆ ವಾಪಸ್ ಕೊಟ್ಟರೆ ಮಾಮೂಲಿ ಬಿಯರ್ ಬಾಟಲಿಗೆ 8 ಸೆಂಟ್ ಸಿಗುತ್ತದೆ, ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನಿಗೆ 25. ಆಯುವವರು ಕಸದೊಳಗೆ ಕೈ ಹಾಕೋದು ತಪ್ಪಲಿ ಅಂತ ಹೊರಗಿಡುತ್ತಾರೆ.

ಬರೆದ ಸಾಲು ಹೊಡೆದು ಹಾಕಿದೆ. ಆಮೇಲೆ ನನ್ನ ಪ್ರಾಜೆಕ್ಟ್ ಪೂರ್ತಿ ಆ ಡಬ್ಬಿಯ ಸುತ್ತಲೇ ನಡೆಯಿತು. ಆದರೆ ಇದು ಬರೀ ಒಳ್ಳೆಯತನದ ಕಥೆ ಅಂತ ಬರೆಯೋಕೆ ನನಗೆ ಮನಸ್ಸಾಗಲಿಲ್ಲ. ಅಷ್ಟು ವಯಸ್ಸಾದವರು ಮಳೆಯಲ್ಲೂ 8 ಸೆಂಟಿಗಾಗಿ ಬಗ್ಗಬೇಕು ಅನ್ನೋದೂ ಆ ಊರಿನ ಬದುಕೇ ಅಲ್ವಾ? ಎರಡನ್ನೂ ಬರೆದೆ. ಅಜ್ಜನ ಫೋಟೋ ಮಾತ್ರ ತೆಗೆಯಲಿಲ್ಲ. ನಮಸ್ಕಾರ ಹೇಳುವಷ್ಟು ಪರಿಚಯ ಆಗೋಕೇ ಮೂರು ವಾರ ಹಿಡಿಯಿತು. ನೀವೂ ಹೋಗೋದಾದರೆ ಅಲ್ಲಿನ ಭಾಷೆ ಸ್ವಲ್ಪವಾದರೂ ಕಲಿತು ಹೋಗಿ, ಇಲ್ಲದಿದ್ದರೆ ಸುಮ್ನೆ ನೋಡಿ ಊಹೆ ಮಾಡುತ್ತಾ ಕೂರಬೇಕಾಗುತ್ತದೆ.

ಈಗ ಬೆಂಗಳೂರಿನಲ್ಲಿ, ಗಾಂಧಿ ಬಜಾರಿನಲ್ಲಿ, ಬೆಳಿಗ್ಗೆ ಅದೇ ಮೂರು ಕಾಲಂ ಹಾಕಿಕೊಂಡು ಕೂರುತ್ತೇನೆ. 'ಏನಮ್ಮಾ ದಿನಾ ಬರ್ಕೋತೀಯಾ?' ಅಂತ ಮೊದಲ ವಾರ ಕೇಳಿದ ಹೂವಿನ ಅಮ್ಮ, ಈಗ ಬುಟ್ಟಿ ನೋಡ್ಕೋ ಅಂತ ನನಗೆ ಹೇಳಿ ಟೀ ಕುಡಿದು ಬರುತ್ತಾರೆ.