ಬೇರಿಂಗ್ ಆಯಸ್ಸು ಅಳೆಯುವ ಕೆಲಸ: ನನ್ನ ಅನುಭವ

ಪುಣೆಯ ಭೋಸರಿಯಲ್ಲಿ ಬೇರಿಂಗ್‌ಗಳ ಆಯಸ್ಸು ಪರೀಕ್ಷಿಸುವುದು ನನ್ನ ಕೆಲಸ. ಹೆಚ್ಚಾಗಿ ತಿರುಗಿಸುವುದು 6205 ನಂಬರಿನದು, ಅಂದರೆ 25 ಮಿ.ಮೀ. ಶಾಫ್ಟಿಗೆ ಕೂರುವ ಬಾಲ್ ಬೇರಿಂಗ್.

ಮೊದಲು ಲೋಡ್ ಗೊತ್ತು ಮಾಡಬೇಕು. ಇದರ ಡೈನಾಮಿಕ್ ಕೆಪಾಸಿಟಿ, ಅಂದರೆ ಲೆಕ್ಕದ ಆಯಸ್ಸು ಹತ್ತು ಲಕ್ಷ ಸುತ್ತು ಬರುವ ಲೋಡ್, ಸುಮಾರು 14 ಕಿಲೋನ್ಯೂಟನ್. ಅದರ ಐದನೇ ಒಂದು ಭಾಗ ಹೊರಿಸಿದರೆ ಲೆಕ್ಕದ ಆಯಸ್ಸು 12.5 ಕೋಟಿ ಸುತ್ತು. ನಿಮಿಷಕ್ಕೆ 1500 ಸುತ್ತಿನಂತೆ 58 ದಿನ. ಅಷ್ಟು ಕಾಯೋಕಾಗಲ್ಲ. ಲೋಡ್ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದ್ರೆ ಒಂದು ವಾರ ಚಿಲ್ಲರೆ. ನಾನು ಲೋಡನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಕೆಪಾಸಿಟಿಯ ಅರ್ಧ ದಾಟಿದರೆ ಈ ಲೆಕ್ಕವನ್ನು ನಂಬೋ ಹಾಗಿಲ್ಲ.

ಭೋಸರಿಯಲ್ಲಿ ನಮಗೆ ಗುರುವಾರ ರಜೆ. ಬೇರಿಂಗ್ ತಿರುಗಿಸುವ ಯಂತ್ರಕ್ಕೆ, ಅಂದರೆ ರಿಗ್‌ಗೆ, ಇಲ್ಲ. ವೈಬ್ರೇಶನ್ ಏರಿದರೆ ತಾನೇ ನಿಲ್ಲುತ್ತದೆ.

ಚಿಕ್ಕೋಡಿ ಕಡೆಯ ನಮ್ಮ ಹುಡುಗ ಒಮ್ಮೆ ಕೇಳಿದ: “ಸರ್, ಎಲ್ಲಾ ಒಂದ ಬ್ಯಾಚಿನವು ಅದಾವಲ್ರೀ? ಒಂದು ವಾರದಾಗ ಹೋತು, ಇನ್ನೊಂದು ತಿಂಗಳಾದ್ರೂ ತಿರಗಾಕತ್ತೈತಿ. ಯಾಕ್ರೀ?”

ಬಹಳ ಒಳ್ಳೆಯ ಪ್ರಶ್ನೆ. ಗುಂಡು ಉರುಳುವಾಗ ಅತಿ ಹೆಚ್ಚು ಕತ್ತರಿ ಒತ್ತಡ (ಶಿಯರ್) ಬೀಳುವುದು ರೇಸ್‌ನ, ಅಂದರೆ ಗುಂಡು ಓಡುವ ಉಕ್ಕಿನ ಬಳೆಯ, ಮೇಲ್ಮೈಯಲ್ಲಲ್ಲ, ಸ್ವಲ್ಪ ಒಳಗೆ. ಅಲ್ಲಿ ಉಕ್ಕಿನಲ್ಲಿ ಆಕ್ಸೈಡಿನ ಕಣ ಇದ್ದರೆ ಬಿರುಕು ಅಲ್ಲಿಂದ ಹುಟ್ಟಿ, ಮೇಲೆ ಬಂದು, ಚಕ್ಕೆ ಏಳುತ್ತದೆ. ಕಣ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಪ್ರತಿ ಬೇರಿಂಗಿಗೂ ಬೇರೆ. 1947ರಲ್ಲಿ ಸ್ವೀಡನ್ನಿನ ತಜ್ಞರಾದ ಲುಂಡ್‌ಬರ್ಗ್, ಪಾಲ್ಮ್‌ಗ್ರೆನ್ ಇದನ್ನೇ ವೈಬುಲ್ ಹಂಚಿಕೆಗೆ, ಅಂದರೆ ಎಷ್ಟು ಹೊತ್ತಿಗೆ ಎಷ್ಟು ಪಾಲು ಹಾಳಾಗುತ್ತವೆ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ, ಜೋಡಿಸಿ ಸೂತ್ರ ಕೊಟ್ಟರು. ಕ್ಯಾಟಲಾಗಿನ ಎಲ್10 ಅಂದರೆ ನೂರರಲ್ಲಿ 90 ಬೇರಿಂಗ್ ದಾಟುವ ಆಯಸ್ಸು. ಅರ್ಧದಷ್ಟು ಬೇರಿಂಗ್‌ಗಳು ಅದರ ಸುಮಾರು 5 ಪಟ್ಟು ಬಾಳುತ್ತವೆ.

ಅದಕ್ಕೇ ನಾನು ಸರಾಸರಿ ತೆಗೆಯುವುದಿಲ್ಲ. ಪರೀಕ್ಷೆ ನಿಲ್ಲಿಸಿದಾಗ ಇನ್ನೂ ತಿರುಗುತ್ತಿರುವವನ್ನು ಲೆಕ್ಕದಿಂದ ಬಿಡುವುದೂ ಇಲ್ಲ. ಅವನ್ನು ಬಿಟ್ಟರೆ ಗಟ್ಟಿ ಬೇರಿಂಗ್‌ಗಳೇ ಹೊರಗೆ ಹೋದಂತಾಗುತ್ತದೆ, ಅಲ್ವಾ? ‘ಇಷ್ಟು ಗಂಟೆ, ಹಾಳಾಗಿಲ್ಲ’ ಅಂತ ಬರೆದು ವೈಬುಲ್ ಲೆಕ್ಕಕ್ಕೆ ಸೇರಿಸುತ್ತೇನೆ.

ಹಾಳಾದದ್ದನ್ನು ಕತ್ತರಿಸಿ, ರೇಸನ್ನು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು. ಚಕ್ಕೆಯ ಅಂಚಿನಲ್ಲಿ ಒತ್ತಿದ ಗುಳಿ ಕಂಡರೆ ಎಣ್ಣೆಯಲ್ಲಿ ಕಸ ಇತ್ತೆಂದು ಅನುಮಾನ ಪಡುತ್ತೇನೆ. ಅದನ್ನು ಉಕ್ಕಿನ ತಲೆಗೆ ಕಟ್ಟಬಾರದು. ಮಳೆಗಾಲದಲ್ಲಿ ಎಣ್ಣೆಯ ನೀರಿನಂಶವನ್ನೂ ಪರೀಕ್ಷೆ ಮಾಡಿಸಿಯೇ ರಿಗ್ ಶುರು ಮಾಡುತ್ತೇವೆ.