ವೆರೋನಾದ ಅರೇನಾದಲ್ಲಿ ಆಪೆರಾ ನೋಡುವುದು ಹೇಗೆ

ಇಟಲಿಯ ವೆರೋನಾದಲ್ಲಿ, ಪಿಯಾತ್ಸಾ ಬ್ರಾ ಚೌಕದ ಪಕ್ಕದಲ್ಲೇ ರೋಮನ್ನರ ಕಾಲದ ಬಯಲು ರಂಗಮಂದಿರ ಅರೇನಾ ಇದೆ. ಆಪೆರಾ ಎಂದರೆ ಕಥೆಯನ್ನು ಹಾಡಿನಲ್ಲೇ ಹೇಳುವ ಸಂಗೀತ ನಾಟಕ. ಇಟಲಿಯ ಸಂಗೀತ ರಚನಕಾರ ವೆರ್ದಿಯ ಜನ್ಮಶತಮಾನೋತ್ಸವಕ್ಕೆಂದು 1913ರಲ್ಲಿ ಇಲ್ಲಿ ಅವರ ‘ಐದಾ’ ಆಪೆರಾ ಆಡಿದರು. ಬೇಸಿಗೆಯ ಆಪೆರಾ ಉತ್ಸವ ಶುರುವಾದದ್ದು ಆಗಲೇ. ಈಗ ಜೂನ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ನಡೆಯುತ್ತದೆ.

ಟಿಕೆಟ್ಟಿನಲ್ಲಿ ಮುಖ್ಯವಾಗಿ ಎರಡು ಬಗೆ: ನೆಲದ ಮೇಲಿನ ಕುರ್ಚಿ, ಸುತ್ತಲಿನ ಕಲ್ಲಿನ ಮೆಟ್ಟಿಲು. ಮೆಟ್ಟಿಲೇ ಅಗ್ಗ. ಟಿಕೆಟ್ಟಿನಲ್ಲಿ ಜಾಗದ ನಂಬರ್ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲು ಬಂದವರಿಗೆ ಮೊದಲು. ಹಾಗಿದ್ದರೆ ಬಾಗಿಲು ತೆರೆಯುವ ಮುಂಚೆಯೇ ಸಾಲಿನಲ್ಲಿ ನಿಲ್ಲಿ. ವೇದಿಕೆ ಒಂದು ತುದಿಯಲ್ಲಿದೆ, ಅದರ ಎದುರು ಭಾಗ ಹಿಡಿಯಿರಿ. ಪಕ್ಕಕ್ಕೆ ಸರಿದಷ್ಟೂ ಸೆಟ್ಟಿನ ಅರ್ಧ ಮರೆಯಾಗುತ್ತದೆ, ಹಾಡೂ ಒಂದೇ ಕಡೆಯಿಂದ ಕೇಳುತ್ತದೆ.

ಹಗಲೆಲ್ಲ ಬಿಸಿಲುಂಡ ಕಲ್ಲು ಸಂಜೆ ಕೂತಾಗ ಸುಡುತ್ತದೆ. ಒರಗಲು ಬೆನ್ನಿಗೆ ಏನೂ ಇಲ್ಲ, ಮೂರು ಗಂಟೆ ದಾಟುವ ಆಟ. ದಿಂಬು ಬೇಕೇ ಬೇಕು. ತರದಿದ್ದರೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಮೆಟ್ಟಿಲಲ್ಲಿ ಸಾದಾ ಬಟ್ಟೆ ಸಾಕು, ಆದರೆ ದುಬಾರಿ ಕುರ್ಚಿಗೆ ಚಡ್ಡಿಯಲ್ಲಿ ಹೋಗಬೇಡಿ. ಸೀರೆಗೆ ಅಡ್ಡಿಯೇನಿಲ್ಲ, ಕಡಿದಾದ ಮೆಟ್ಟಿಲೇರುವಾಗ ನೆರಿಗೆ ಜೋಪಾನ.

ಆಟ ಶುರುವಾಗುವುದು ರಾತ್ರಿ 9ರ ಆಸುಪಾಸಿನಲ್ಲಿ, ಕತ್ತಲಾಗುವ ಹೊತ್ತಿಗೆ. ವೇದಿಕೆಯ ಮುಂದೆ ಬಂದು ಮೂರು ಸಲ ಜಾಗಟೆ ಬಾರಿಸುತ್ತಾರೆ, ಮೂರನೆಯದರೊಳಗೆ ಕೂತಿರಬೇಕು. ಪ್ರೇಕ್ಷಕರು ಸಣ್ಣ ಮೋಂಬತ್ತಿ ಹಚ್ಚುವ ಹಳೆಯ ರೂಢಿಯೊಂದಿದೆ. ಕಥೆಯನ್ನು ಮಾತ್ರ ಹೋಟೆಲ್‌ನಲ್ಲೇ ಓದಿಕೊಂಡು ಹೋಗಿ, ಹಾಡಿನ ನಡುವೆ ಮೊಬೈಲ್ ಬೆಳಗಿದರೆ ಹಿಂದಿನವರು ಗದರುತ್ತಾರೆ.

ಜನ ಎಡವುವುದು ಮಳೆಯ ವಿಷಯದಲ್ಲಿ. ನಾಲ್ಕು ಹನಿ ಬಿದ್ದರೂ ವಾದ್ಯಗಾರರು ಪಿಟೀಲು ಎತ್ತಿಕೊಂಡು ಒಳಗೆ ಓಡುತ್ತಾರೆ. ಮರದ ವಾದ್ಯಕ್ಕೆ ನೀರು ತಾಗಬಾರದು. ಆಗ ಎದ್ದು ಹೊರಡಬೇಡಿ, ಮೋಡ ಸರಿದರೆ ಮುಂದುವರಿಸುತ್ತಾರೆ. ಶುರುವಾಗುವ ಮೊದಲೇ ರದ್ದಾದರೆ ಹಣ ವಾಪಸ್. ಶುರುವಾದ ಮೇಲೆ ನಿಂತರೆ ಇಲ್ಲ. ಹಾಗಾಗಿ ಮುನ್ಸೂಚನೆ ಕೆಟ್ಟದಾಗಿದ್ದರೆ ಅಗ್ಗದ ಟಿಕೆಟ್ಟೇ ಜಾಣತನ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣದು, ರೇನ್‌ಕೋಟ್ ಇಟ್ಟುಕೊಳ್ಳಿ.

ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಪೋರ್ತಾ ನುವೋವಾ ರೈಲು ನಿಲ್ದಾಣಕ್ಕೆ ಸುಮಾರು 20 ನಿಮಿಷದ ನಡಿಗೆಯಾದರೂ ಆ ಹೊತ್ತಿಗೆ ಮಿಲಾನಿಗೋ ವೆನಿಸ್ಸಿಗೋ ರೈಲು ಸಿಗುತ್ತದೆಂದು ನಂಬಿಕೊಳ್ಳಬೇಡಿ. ಆ ರಾತ್ರಿಗೆ ವೆರೋನಾದಲ್ಲೇ ರೂಮು ಮಾಡಿ, ಟಿಕೆಟ್ ಕೊಂಡ ದಿನವೇ.